ಐರಾವತನ ಪಟ್ಟಿ ಸಾಮಾನು

ನನ್ನ ಹಳೆಯ ದಿನಚರಿಯಲ್ಲಿ ೧೯೬೮ರ ಅಕ್ಟೋಬರ್ ೧೪, ಸೋಮವಾರದ ಪುಟದಲ್ಲಿ ಒಂದೇ ಸಾಲು ಇದೆ: ‘ನಂಜರಾಜನನ್ನು ಪಟ್ಟಿ ತರಲು ಕಳಿಸಿದೆ.’ ಆ ಸಾಲಿನ ಹಿಂದಿನ ಕತೆ ಕೇಳಿ. ನಗುವವರು ನಗಿ. ನನಗಂತೂ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಮೈಸೂರಿನಲ್ಲಿ ಒಬ್ಬ ತಾಯಿ, ಅವಳಿಗೊಬ್ಬ ಮಗ. ತಾಯಿ ನಾನೇ, ದೇವಾಜಮ್ಮಣ್ಣಿ. ನಮ್ಮ ಬೀದಿಯಲ್ಲಿ ಬಿ.ಎ. ಮಾಡಿದ ಮೊದಲ ಹೆಂಗಸು, ಮಹಿಳಾ ಸಮಾಜದ ಕಾರ್ಯದರ್ಶಿ. ಮಗ ನಂಜರಾಜ. ಇಪ್ಪತ್ತೆರಡು ವರ್ಷ, ಒಳ್ಳೆಯ ಮೈಕಟ್ಟು, ಒಳ್ಳೆಯ ಮನಸ್ಸು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ತೊಂದರೆ. ಹಾಲು ಕಾಯುತ್ತಿದೆ, ನೋಡುತ್ತಿರು ಅಂದರೆ, ಹಾಲು ಉಕ್ಕಿ ಒಲೆ ಆರುವವರೆಗೂ ನೋಡುತ್ತಲೇ ಇರುತ್ತಿದ್ದ. ಯಾವ ಅಂಗಡಿಯವರೂ ಅವನನ್ನು ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ. ಇಟ್ಟುಕೊಂಡವರು ಸಂಜೆಗೆ ವಾಪಸು ಕಳಿಸಿದರು.

ಹೀಗಿರುವಾಗ ನನ್ನ ಅಣ್ಣ ಒಂದು ಕುದುರೆ ಕಳಿಸಿದ. ಅವನ ಮಕ್ಕಳು ಆಡಿ ಬಿಟ್ಟ ಕುಳ್ಳ ಕುದುರೆ. ಎತ್ತರ ನನ್ನ ಸೊಂಟದವರೆಗೆ, ಹೆಸರು ಮಾತ್ರ ಐರಾವತ. ಜೊತೆಗೆ ಎರಡು ಚಕ್ರದ ಪುಟ್ಟ ಗಾಡಿ. ಪಾರ್ಕಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದರೆ ನಂಜರಾಜನಿಗೂ ಒಂದು ಸ್ವಂತ ಕೆಲಸವಾಗುತ್ತದೆ, ನನ್ನ ಕಾಲಾನಂತರ ಅವನು ಯಾರ ಮುಂದೆಯೂ ಕೈಯೊಡ್ಡಬೇಕಿಲ್ಲ ಎಂದು ನನ್ನ ಆಸೆ. ಅದಕ್ಕೆ ಪರವಾನಗಿ ಬೇಕು. ಪರವಾನಗಿಗೆ ಕುದುರೆ, ಗಾಡಿ, ಕುದುರೆಯನ್ನು ಗಾಡಿಗೆ ಹೂಡುವ ಪಟ್ಟಿ ಸಾಮಾನು ಮೂರೂ ಸರಿಯಿರಬೇಕು. ಹಳೆಯ ಪಟ್ಟಿಗಳನ್ನು ಇಲಿ ತಿಂದುಹಾಕಿತ್ತು.

ನಾನು ನಂಜರಾಜನನ್ನು ಕರೆದು ಹೇಳಿದೆ.

“ನೋಡಪ್ಪ, ಈ ದಾರ ತಗೋ. ಐರಾವತನ ಎದೆಗೆ ಸುತ್ತು. ಸರಿಯಾಗಿ ಎಲ್ಲಿ ಕೂಡುತ್ತೋ ಅಲ್ಲಿ ಗಂಟು ಹಾಕು. ಆಮೇಲೆ ಮಾರ್ಕೆಟ್ಟಿನ ಜಬ್ಬಾರ್ ಸಾಬರ ಅಂಗಡಿಗೆ ಹೋಗಿ, ಆ ಅಳತೆಗೆ ಪಟ್ಟಿ ತಗೊಂಡು ಬಾ.”

ಹೇಳಿದ ಹಾಗೇ ಮಾಡಿದ. ದಾರ ಸುತ್ತಿದ, ಗಂಟು ಹಾಕಿದ, ಅಂಗಡಿಗೆ ಹೋದ.

“ಅಳತೆ ಎಲ್ಲಿ ರಾಜಣ್ಣ?” ಅಂದರು ಜಬ್ಬಾರ್ ಸಾಬರು.

“ಕುದುರೆ ಮೈಮೇಲೆ ಇದೆ.”

“ಕುದುರೆ ಎಲ್ಲಿ?”

“ಮನೇಲಿದೆ.”

“ಹಂಗಾದ್ರೆ ಅಳತೆ ಭದ್ರವಾಗಿದೆ ಬಿಡಿ, ಕಳ್ಳರ ಭಯ ಇಲ್ಲ,” ಅಂದರು ಸಾಬರು. “ಕುದುರೆ ಎಷ್ಟು ದೊಡ್ಡದು?”

“ಹೆಸರು ಐರಾವತ.”

ಆ ಹೆಸರು ಕೇಳಿ ಸಾಬರು ಅಂಗಡಿಯಲ್ಲಿದ್ದ ಅತಿ ದೊಡ್ಡ ಸಾಮಾನು ಇಳಿಸಿಕೊಟ್ಟರು. ಮನೆಗೆ ತಂದು ಹಾಕಿದ. ಎದೆಪಟ್ಟಿ ನೆಲಕ್ಕೆ ಬಿತ್ತು, ಹೊಟ್ಟೆಪಟ್ಟಿ ಗೊರಸಿಗೆ ಬಿತ್ತು, ಐರಾವತ ಅದರೊಳಗಿಂದ ನಡೆದುಕೊಂಡು ಆಚೆ ಬಂದು ಹುಲ್ಲು ಮೇಯತೊಡಗಿತು. ಪಕ್ಕದ ಮನೆಯ ಚೆಲುವಾಜಮ್ಮಣ್ಣಿ ಕಾಂಪೌಂಡಿನ ಮೇಲೆ ಗಲ್ಲ ಊರಿ, “ದೇವಾಜಕ್ಕ, ಕುದುರೆಗೆ ಬಾಗಿಲು ಕಟ್ಟಿಸಿದಿರಾ?” ಅಂದರು. ನಾನು ತಲೆ ತಗ್ಗಿಸಿದೆ.

“ಏನೋ ಇದು, ನಂಜರಾಜ?”

“ನೀವು ಹೇಳಿದ ಹಾಗೇ ಮಾಡಿದೆ ಅಮ್ಮ.”

“ದಡ್ಡ ಮುಂಡೇದೆ, ಕುದುರೆಯನ್ನೇ ಜೊತೆಗೆ ಕರ್ಕೊಂಡು ಹೋಗಬೇಕು. ಅದಕ್ಕೆ ಒಗ್ಗುತ್ತಾ ಅಂತ ನೋಡಬೇಕು. ಹೇಗೆ ಕೂತರೆ ಸರಿ ಅಂತ ಸಾಬರನ್ನ ಕೇಳಬೇಕು. ಅವರು ಹೇಳಿದ ಹಾಗೆ ಮಾಡಬೇಕು.”

“ಆಗಲಿ ಅಮ್ಮ.”

ಮರುದಿನ ಕುದುರೆಯನ್ನು ಕರೆದುಕೊಂಡು ಹೋದ. ಸಾಬರು ಹಿತ್ತಾಳೆ ಮೊಳೆ ಹೊಡೆದ ಮದುವೆ ಸಾಮಾನು ತೋರಿಸಿದರು. ಐರಾವತನ ಮೂಗಿಗೆ ಹಿಡಿದ. ಅದು ಮುಖ ತಿರುಗಿಸಿತು. ಕೆಂಪು ಕುಚ್ಚಿನದು ಹಿಡಿದ, ಸೀನಿತು. ಒಂದು ಮೂಲೆಯಲ್ಲಿ ಯಾವುದೋ ಮರಿಕುದುರೆಗೆ ಹಾಕಿ ಬಿಟ್ಟ ಹಳೆಯ ಸಾಮಾನು ನೇತಾಡುತ್ತಿತ್ತು. ಬೆವರಿನ ಉಪ್ಪು ಹತ್ತಿದ ತೊಗಲು. ಐರಾವತ ಅದನ್ನು ನೆಕ್ಕಿತು.

“ಇದು ಒಗ್ಗಿತು, ಇದನ್ನೇ ಕೊಡಿ,” ಅಂದ.

“ಸೈ. ಕಣ್ಣಿದ್ದೋರು ಆರಿಸ್ತಾರೆ, ನಿಮ್ಮ ಮನೇಲಿ ನಾಲಿಗೆ ಆರಿಸುತ್ತೆ,” ಅಂದರು ಸಾಬರು. ಆದರೆ ಹಾಕಿ ನೋಡಿದರೆ ಅಳತೆ ಸರಿಯಾಗಿಯೇ ಇತ್ತು.

“ಹೇಗೆ ಕೂತರೆ ಸರಿ, ಸಾಬರೆ?”

“ಪಟ್ಟಿ ಕೆಳಗೆ ಎರಡು ಬೆರಳು ಇರಬೇಕು. ಜಾಸ್ತಿ ಇದ್ರೆ ಸಡಿಲ, ಕಮ್ಮಿ ಇದ್ರೆ ಬಿಗಿ. ಅಷ್ಟೇ ವಿದ್ಯೆ.”

ಹೇಳಿದ ಹಾಗೇ ಮಾಡಿದ. ಹೊಟ್ಟೆಪಟ್ಟಿಯ ಕೆಳಗೆ ಎರಡು ಬೆರಳು ಇಟ್ಟ. ಇಟ್ಟವನು ತೆಗೆಯಲಿಲ್ಲ. ಕುದುರೆಯೋ ಸೊಂಟದೆತ್ತರ, ಇವನು ಅದರ ಹೊಟ್ಟೆಗೆ ಬೆರಳು ಕೊಟ್ಟುಕೊಂಡು, ನಡು ಬಗ್ಗಿಸಿಕೊಂಡು, ಮಾರ್ಕೆಟ್ಟಿನಿಂದ ನಮ್ಮ ಬೀದಿಯವರೆಗೆ ನಡೆದು ಬಂದ. ಜಟಕಾ ಗಾಡಿಗಳು ನಿಂತವು. ಸೈಕಲ್ಲಿನವರು ಇಳಿದರು. ಚೆಲುವಾಜಮ್ಮಣ್ಣಿ ಕಾಫಿ ಲೋಟ ಹಿಡಿದುಕೊಂಡೇ ಗೇಟಿಗೆ ಬಂದರು.

“ಪಾಪ, ಕುದುರೆಗೆ ಹೊಟ್ಟೆನೋವೇನೋ, ನಿಮ್ಮ ಮಗ ನೀವುತ್ತಿದ್ದಾನೆ,” ಅಂದರು.

ನಾನು ಸೆರಗು ಮುಖಕ್ಕೆ ಅಡ್ಡ ಹಿಡಿದೆ.

“ತೆಗೆಯೋ ಕೈನ.”

“ಎರಡು ಬೆರಳು ಇರಬೇಕಂತೆ ಅಮ್ಮ.”

“ಅಯ್ಯೋ ಕರ್ಮವೆ, ಬೆರಳು ಇರೋದು ಪರೀಕ್ಷೆಗೆ ಕಣೋ. ಯಾವ ಪಟ್ಟಿಯೇ ಆಗಲಿ, ಎರಡು ಬೆರಳು ಹಾಕಿ ನೋಡು. ಹೋಗಲಿಲ್ಲ ಅಂದರೆ ಸಡಿಲ ಮಾಡು. ತಕ್ಷಣ ಕೈ ತೆಗೆ. ತಿಳೀತಾ?”

“ತಿಳೀತು ಅಮ್ಮ. ಯಾವ ಪಟ್ಟಿಯೇ ಆಗಲಿ.”

ಆ ವಾರ ಪರವಾನಗಿ ಕೊಡುವ ಅಧಿಕಾರಿ ಚೆನ್ನವೀರಯ್ಯನವರನ್ನು ಮಹಿಳಾ ಸಮಾಜದ ಸಭೆಗೆ ಕರೆದಿದ್ದೆವು. ಒಳ್ಳೆಯ ಮನುಷ್ಯರು, ಹೊಟ್ಟೆ ಸ್ವಲ್ಪ ಮುಂದಿತ್ತು. ನಾನು ಸ್ವಾಗತ ಭಾಷಣ ಮಾಡಿ ಕೂತೆ. ನಂಜರಾಜನ ಕೈಯಲ್ಲಿ ಹಾರ ಕೊಟ್ಟು ವೇದಿಕೆಗೆ ಕಳಿಸಿದೆ. ಅಧಿಕಾರಿಗಳಿಗೆ ಅವನ ಮುಖಪರಿಚಯವಾಗಲಿ ಎಂದು ನನ್ನ ಲೆಕ್ಕಾಚಾರ.

ಹಾರ ಹಾಕಿದ. ನಮಸ್ಕಾರ ಮಾಡಿದ. ಬಗ್ಗಿದವನ ಕಣ್ಣಿಗೆ ಅವರ ಸೊಂಟದ ಬೆಲ್ಟು ಬಿತ್ತು. ಎರಡು ಬೆರಳು ಹಾಕಿ ನೋಡಿದ. ಹೋಗಲಿಲ್ಲ. ಸಡಿಲ ಮಾಡಿದ. ತಕ್ಷಣ ಕೈ ತೆಗೆದ.

ಪ್ಯಾಂಟು ಕೆಳಗೆ ಬಿತ್ತು.

ಸಭೆಯಲ್ಲಿದ್ದ ಹೆಂಗಸರೆಲ್ಲ ಒಮ್ಮೆಗೇ ಛಾವಣಿ ನೋಡಿದರು. ಅಧ್ಯಕ್ಷೆಯವರು ಮೇಜಿನ ಮೇಲಿನ ಹೂದಾನಿಯನ್ನು ಮೆಲ್ಲನೆ ಅಧಿಕಾರಿಗಳ ಮುಂದಕ್ಕೆ ಸರಿಸಿದರು. ನಾನು ನೆಲ ನೋಡಿದೆ. ನೆಲ ಬಾಯಿ ಬಿಡಲಿಲ್ಲ.

ಚೆನ್ನವೀರಯ್ಯನವರು ದೊಡ್ಡ ಮನಸ್ಸಿನವರು. ಬೆಲ್ಟು ಬಿಗಿದುಕೊಂಡು, “ಇವನೇನಾ ನಿಮ್ಮ ಮಗ?” ಅಂದರು.

“ಹೌದು ಸಾರ್,” ಅಂದೆ.

“ಶುಕ್ರವಾರ ಪಾರ್ಕಿನ ಗೇಟಿಗೆ ಗಾಡಿ ತರಲಿ. ಪಟ್ಟಿ ಒತ್ತಿ ಕುದುರೆ ಮೈ ತರಚಿರಬಾರದು, ಕುದುರೆ ದಣಿದಿರಬಾರದು. ಸರಿಯಿದ್ದರೆ ಅಲ್ಲೇ ಸಹಿ ಹಾಕಿಕೊಡುತ್ತೇನೆ. ಇಲ್ಲದಿದ್ದರೆ ಮತ್ತೆ ನನ್ನ ಹತ್ತಿರ ಬರಬೇಡಿ.”

ಮನೆಗೆ ಬಂದು ಬೈದೆ.

“ಮನುಷ್ಯರ ಮೈ ಮುಟ್ಟಬೇಡವೋ. ನೋಡುವುದಿದ್ದರೆ ನಿನ್ನ ಮೈಮೇಲೆ ಹಾಕಿ ನೋಡಿಕೋ. ನಿನಗೆ ಒತ್ತಿದರೆ ಅದಕ್ಕೂ ಒತ್ತುತ್ತೆ. ಶುಕ್ರವಾರ ಮೊದಲು ಪಟ್ಟಿ ನಿನ್ನ ಮೈಗೆ ಹಾಕಿ ನೋಡು. ದಾರಿಯಲ್ಲಿ ಐರಾವತನಿಗೆ ದಣಿವಾಗಬಾರದು. ಗೇಟಿನ ಹತ್ತಿರ ನಾನು ನಿಂತಿರುತ್ತೇನೆ. ಇದೊಂದು ಸಲ ಸರಿಯಾಗಿ ಮಾಡು ಮಗನೆ, ಇನ್ನು ನಿನ್ನನ್ನು ನೋಡಿ ಯಾರೂ ನಗೋದಿಲ್ಲ.”

“ಸರಿಯಾಗಿ ಮಾಡ್ತೀನಿ ಅಮ್ಮ. ಐರಾವತ ನನ್ನ ಮಾತು ಕೇಳುತ್ತೆ.”

ಶುಕ್ರವಾರ ಬಂತು. ಪಾರ್ಕಿನ ಗೇಟಿನ ಮುಂದೆ ನಾನು, ಚೆನ್ನವೀರಯ್ಯನವರು, ಸಮಾಜದ ಹೆಂಗಸರು, ಚೆಲುವಾಜಮ್ಮಣ್ಣಿ. ಮೊದಲ ಸುತ್ತು ಹೋಗಲೆಂದು ಒಂದಷ್ಟು ಮಕ್ಕಳು. ದೂರದಲ್ಲಿ ಗಾಡಿಯ ಗೆಜ್ಜೆ ಕೇಳಿಸಿತು. ಎಲ್ಲರೂ ಕತ್ತು ಚಾಚಿದರು.

ಗಾಡಿ ಬಂತು. ಗಾಡಿಯೊಳಗೆ ಐರಾವತ ಕೂತಿತ್ತು. ಗಾಡಿಯ ಮುಂದೆ, ಎದೆಪಟ್ಟಿ ಹೊಟ್ಟೆಪಟ್ಟಿ ಬಿಗಿದುಕೊಂಡು, ಗಾಡಿಯ ಎರಡು ಮರದ ತೋಳುಗಳ ನಡುವೆ ನಂಜರಾಜ ಎಳೆಯುತ್ತಿದ್ದ. ಬೆವರು ಸುರಿಯುತ್ತಿತ್ತು. ಮುಖದಲ್ಲಿ ನಗು.

“ಎಲ್ಲೂ ಒತ್ತಲಿಲ್ಲ ಅಮ್ಮ,” ಅಂದ. “ಐರಾವತನಿಗೆ ದಣಿವೇ ಇಲ್ಲ. ಬೆಲ್ಲ ಕೊಟ್ಟೆ, ಹತ್ತಿ ಕೂತ.”

ಚೆನ್ನವೀರಯ್ಯನವರು ಕನ್ನಡಕ ಒರೆಸಿಕೊಂಡರು. ಗಾಡಿಯ ಸುತ್ತ ಒಂದು ಸಲ ಬಂದು ಹಿಂದೆ ನಿಂತರು. “ಅಮ್ಮಾವ್ರೆ, ಪರವಾನಗಿ ಯಾರ ಹೆಸರಿಗೆ ಬರೆಯಲಿ? ಎಳೆದವನಿಗೋ, ಕೂತವನಿಗೋ?” ಅಂದರು.

ಹೆಂಗಸರು ನಕ್ಕರು. ಮಕ್ಕಳು ನಕ್ಕರು. ಮಗನ ಹತ್ತಿರ ಓಡಿ, ಹಲ್ಲು ಕಚ್ಚಿಕೊಂಡು, “ಬಿಚ್ಚೋ ಇದನ್ನ. ನಿಂತ ಕಾಲಲ್ಲೇ ಬಿಚ್ಚು,” ಅಂದೆ.

ಹೇಳಿದ ಹಾಗೇ ಮಾಡಿದ. ನಿಂತ ಕಾಲಲ್ಲೇ ಬಕಲು ಬಿಚ್ಚಿದ, ಪಟ್ಟಿ ಕಳಚಿದ, ಪಕ್ಕಕ್ಕೆ ಸರಿದು ನಿಂತ. ಹಿಡಿಯುವವರಿಲ್ಲದ ಗಾಡಿಯ ಮೂತಿ ಆಕಾಶಕ್ಕೆ ಎದ್ದಿತು. ಹಿಂಭಾಗ ನೆಲಕ್ಕೆ ಬಡಿಯಿತು. ಐರಾವತ ಜಾರುಬಂಡೆಯಲ್ಲಿ ಜಾರಿದ ಹಾಗೆ ಹಿಂದಕ್ಕೆ ಜಾರಿ, ಚೆನ್ನವೀರಯ್ಯನವರನ್ನು ಕೆಡವಿ, ಅವರ ತೊಡೆಯ ಮೇಲೆ ಕೂತಿತು. ಕೂತು ಅವರ ಮುಖ ನೆಕ್ಕಿತು.

“ಒಗ್ಗಿದರು ಅಮ್ಮ,” ಅಂದ ನಂಜರಾಜ.

ಕೊನೆಗೆ ತಗುಲಿದ್ದು ಇಷ್ಟು. ಚೆನ್ನವೀರಯ್ಯನವರ ಕನ್ನಡಕ ಒಡೆದಿತ್ತು, ಹೊಸದು ಮಾಡಿಸಿಕೊಟ್ಟೆ. ಪರವಾನಗಿ ಸಿಗಲಿಲ್ಲ. ಸಮಾಜದ ಕಾರ್ಯದರ್ಶಿ ಪದವಿ ಬಿಟ್ಟೆ; ಬಿಡಬೇಡಿ ಎಂದು ಯಾರೂ ಹೇಳಲಿಲ್ಲ. ನಂಜರಾಜನಿಗೆ ಸ್ವಂತ ಕೆಲಸವೆಂಬುದು ಆಗಲಿಲ್ಲ. ಕುದುರೆಯನ್ನೂ ಗಾಡಿಯನ್ನೂ ಅಣ್ಣನ ಮನೆಗೆ ವಾಪಸು ಕಳಿಸಿದೆ. ಆ ದಿನ ಮಗನಿಗೆ ಎಲೆ ಹಾಕಿ, ಊಟ ಮಾಡು ಅಂದೆ. ಮಾಡಲಿಲ್ಲ. ಮತ್ತೆ ಹೇಳಿದೆ. ಆಗಲೂ ಮಾಡಲಿಲ್ಲ. ನಾನು ಹೇಳಿದ್ದನ್ನು ಅವನು ಮಾಡದೆ ಇದ್ದದ್ದು ಅದೊಂದೇ ಸಲ.