ಸಾವಿರ ಮೆಟ್ಟಿಲಿಗೆ ಒಂದೇ ಓಲೆಗರಿ

ಒಂದಾನೊಂದು ಊರಿನಲ್ಲಿ, ಅದು ಯಾವ ಊರು ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ, ಗುಂಡಭೂಪನೆಂಬ ರಾಜನಿದ್ದ. ಅವನ ಅರಮನೆಗೆ ಸಾವಿರ ಮೆಟ್ಟಿಲು. ಅಡುಗೆಮನೆ ತುತ್ತತುದಿಯಲ್ಲಿ. ಒಂದು ದಿನ ಊಟಕ್ಕೆ ಹತ್ತಲು ಹೊರಟಾಗ ಏಳನೆಯ ಮೆಟ್ಟಿಲು ಮಾತಾಡಿತು.

"ದಿನಾ ತುಳೀತೀಯ. ನನ್ನ ಹೆಸರು ಗೊತ್ತಾ ನಿನಗೆ?"

ರಾಜನಿಗೆ ಗೊತ್ತಿರಲಿಲ್ಲ. ಮೆಟ್ಟಿಲಿಗೂ ಗೊತ್ತಿರಲಿಲ್ಲ. ಸಾವಿರ ಮೆಟ್ಟಿಲೂ ಮುನಿಸಿಕೊಂಡವು. "ಹೆಸರಿಡದೆ ಕಾಲಿಡಬೇಡ. ಒಬ್ಬರ ಹೆಸರು ಇನ್ನೊಬ್ಬರಿಗೆ ಇರಕೂಡದು" ಅಂದವು.

ರಾಜ ಓಲೆ ಬರೆಯುವ ನಿಂಗಾಜಮ್ಮನನ್ನು ಕರೆಸಿದ. ಅವಳಿಗೆ ಆಸ್ತಿ ಅಂತ ಇದ್ದದ್ದು ಒಂದೇ, ಮಧ್ಯಾಹ್ನದ ನಿದ್ದೆ. ಉಂಡ ಕೂಡಲೇ ಚಾಪೆ ಹಾಸುವಳು, ಸೆರಗು ಮುಖಕ್ಕೆಳೆದುಕೊಳ್ಳುವಳು, ಆಮೇಲೆ ಲೋಕವೇ ಬೇಡ.

"ಊಟದ ಹೊತ್ತಿಗೆ ಸಾವಿರ ಹೆಸರು ಬರಿ. ಇಲ್ಲದಿದ್ದರೆ ನಿನ್ನ ನಿದ್ದೆ ಜಪ್ತಿ. ನನ್ನ ಆನೆಗೆ ಕೊಡ್ತೀನಿ. ಅದು ಮಲಗಿ ಹದಿನಾರು ವರ್ಷವಾಯ್ತು."

ನಿಂಗಾಜಮ್ಮ ಓಲೆಗರಿ ಹುಡುಕಲು ಓಡಿದಳು. ಊರಲ್ಲಿ ಉಳಿದಿದ್ದದ್ದು ಒಂದೇ ಓಲೆಗರಿ. ಮಿಕ್ಕಿದ್ದನ್ನೆಲ್ಲ ಒಂದು ಮೇಕೆ ತಿಂದು, ಅಷ್ಟೂ ವಿದ್ಯೆ ಹೊಟ್ಟೆಗಿಳಿದು, ಮಂತ್ರಿಯಾಗಿತ್ತು.

ಓಲೆಗರಿ ಪಿಸುಗುಟ್ಟಿತು. "ಅಮ್ಮಾ, ಸಾವಿರ ಹೆಸರು ತಾಳೋ ಬೆನ್ನಲ್ಲ ನನ್ನದು. ಮಾತನ್ನ ಒಂದೇ ಸಲ ಬರಿ. ಎಷ್ಟು ಸಲ ಅನ್ನೋದನ್ನ ಬೇರೆ ಬರಿ."

ನಿಂಗಾಜಮ್ಮ ಗೀರಿದಳು: "ಬೆಲ್ಲ, ಬೇವು, ಹುಣಸೆ. ಒಂದೊಂದಕ್ಕೂ ಎಣಿಕೆ ಅಂಟಿಸಿ. ಇದೇ ಮತ್ತೆ ಮತ್ತೆ, ಸಾವಿರ ಸಲ."

ಮೇಕೆ ಓದಿತು. ಬೆಲ್ಲ-ಒಂದು, ಬೇವು-ಎರಡು, ಹುಣಸೆ-ಮೂರು, ಬೆಲ್ಲ-ನಾಲ್ಕು. ಏಳನೆಯ ಮೆಟ್ಟಿಲು ಬೆಲ್ಲ-ಏಳು ಆಗಿ ಬೀಗಿತು. ರಾಜ ಹತ್ತತೊಡಗಿದ.

ಅಲ್ಲೇ ಎಡವಟ್ಟಾದದ್ದು. ಮೂರು ಮಾತು ಸಾವಿರ ಸಲ ಅಂದರೆ ಮೂರು ಸಾವಿರ ಹೆಸರು. ಮೆಟ್ಟಿಲು ಸಾವಿರವೇ. ಹೆಸರು ಕರೆದ ಮೇಲೆ ಓಗೊಡಲು ಯಾರಾದರೂ ಬೇಕಲ್ಲ, ಹೊಸ ಮೆಟ್ಟಿಲು ಹುಟ್ಟಿದವು. ಬೇವು-ಸಾವಿರದೊಂದು. ಹುಣಸೆ-ಸಾವಿರದೆರಡು. ಅಡುಗೆಮನೆ ಮೋಡ ದಾಟಿತು. ರಾಜ ಹತ್ತಿದ, ಹತ್ತಿದ, ಹತ್ತಿದ. ಮೇಲೆ ಸಾರು ಆರುತ್ತಿತ್ತು.

"ನಿಂಗಾಜಮ್ಮ, ನಿನ್ನ ನಿದ್ದೆ ಇನ್ನು ಆನೇದು" ಎಂದು ಮೋಡದೊಳಗಿಂದ ಕೂಗಿದ. ಕೆಳಗೆ ಆನೆ ಆಗಲೇ ಅವಳ ಚಾಪೆ ಬಿಚ್ಚುತ್ತಿತ್ತು.

ನಿಂಗಾಜಮ್ಮನಿಗೆ ಅಳು ಬಂತು. ಅಳುತ್ತಲೇ ಗರಿಯನ್ನು ಇನ್ನೊಮ್ಮೆ ಓದಿದಳು. "ಸಾವಿರ ಸಲ" ಅನ್ನುವಷ್ಟನ್ನು ಮೇಕೆಗೆ ತಿನ್ನಿಸಿ, ಪಕ್ಕದಲ್ಲಿ ಗೀರಿದಳು: "ಎಣಿಕೆ ಸಾವಿರ ಮುಟ್ಟುವ ತನಕ."

ಹೆಸರಿನಿಂದ ಹುಟ್ಟಿದ್ದು ಹೆಸರು ಹೋದರೆ ಉಳಿಯದಲ್ಲ, ಹೆಚ್ಚಿನ ಎರಡು ಸಾವಿರ ಮೆಟ್ಟಿಲೂ ಮಾಯವಾದವು. ರಾಜ ಬಂದು ಬಿದ್ದದ್ದು ಸೀದಾ ಊಟದ ಎಲೆಯ ಮುಂದೆ. ಹೊಟ್ಟೆ ಬಿರಿಯ ಉಂಡ. ಬೆಲ್ಲ-ಸಾವಿರದ ಮೇಲೆ ತಲೆಯಿಟ್ಟು ಗೊರಕೆ ಹೊಡೆದ. ಅದು ಅವನ ಮೊದಲ ಮಧ್ಯಾಹ್ನದ ನಿದ್ದೆ.

ಎದ್ದು ಇಳಿದು ಬಂದು ನಿಂಗಾಜಮ್ಮನನ್ನು ಕೇಳಿದ. "ದಿನಾ ಹೀಗೇ ಇರುತ್ತಾ ಇದು?"

"ದಿನಾ ಹೀಗೇ, ಬುದ್ಧಿ."

"ಇದನ್ನ ಕಿತ್ಕೊಳ್ಳೋಕೆ ಹೊರಟಿದ್ದೆನಲ್ಲ ನಾನು." ರಾಜನಿಗೆ ನಾಚಿಕೆಯಾಯಿತು. "ಊರಿಗೆಲ್ಲ ಕಾನೂನು ಬರಿ. ಸೋಮವಾರ ಉಂಡು ಮಲಗು. ಮಂಗಳವಾರ ಉಂಡು ಮಲಗು. ಬುಧವಾರ..."

"ಜಾಗ ಇಲ್ಲ, ಬುದ್ಧಿ" ಎಂದು ನಿಂಗಾಜಮ್ಮ ಗರಿಯ ತುದಿಯಲ್ಲಿ ಗೀರಿದಳು: "ಉಂಡು ಮಲಗು. ಇದೇ, ದಿನಾ."

ಅದನ್ನು ಕೇಳಿಯೇ ಆನೆ ಆಕಳಿಸಿತು. ನಿಂಗಾಜಮ್ಮ ಅದರ ಪಕ್ಕದಲ್ಲೇ ಚಾಪೆ ಹಾಸಿದಳು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ, ರಾಜ ಮೆಟ್ಟಿಲುಗಳ ಜಗಳವೂ ಅಷ್ಟೇ. ಕತೆ ಮುಗಿಯಿತು. ಮತ್ತೆ ಹೇಳು ಅನ್ನುವವರು ಎಷ್ಟು ಸಲ ಅಂತ ಮೊದಲೇ ಸರಿಯಾಗಿ ಹೇಳಿ, ನನಗೂ ಮಲಗುವ ಹೊತ್ತಾಯಿತು.