ಆರು ಎಣಿಕೆಯ ಹಗ್ಗ

“ಗುರುಗಳೇ, ಇವತ್ತು ಅಟ್ಟದಿಂದ ಎರಡು ಮಡಕೆಗಳು ಬಿದ್ದವು. ತೂಕ ಒಂದೇ, ಬಿದ್ದ ಎತ್ತರವೂ ಒಂದೇ. ಕಲ್ಲಿನ ಮೇಲೆ ಬಿದ್ದದ್ದು ಚೂರಾಯಿತು, ಹುಲ್ಲಿನ ಮೇಲೆ ಬಿದ್ದದ್ದು ಉಳಿಯಿತು. ಕಣ್ಣಿಗೆ ಕಾಣದಷ್ಟು ಬೇಗ ಆಗಿಹೋಗುವ ಪೆಟ್ಟನ್ನು ಅಳೆಯುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಹಗ್ಗ ಹೊಸೆಯುವ ಹೆಂಗಸೊಬ್ಬಳಿದ್ದಳು. ಅವಳ ಊರಿನಲ್ಲಿ ದೋಣಿ ನಿಲ್ಲುವ ಕಡವಿನಿಂದ ಕೂಗಳತೆ ಕೆಳಗೆ ಹೊಳೆ ಬಂಡೆಗಳ ನಡುವೆ ಧುಮುಕುತ್ತಿತ್ತು. ಮೇಲಿನಿಂದ ಬರುವ ದೋಣಿಯವರು ಕಡವು ಹತ್ತಿರವಾದಾಗ ದಡಕ್ಕೆ ಹಗ್ಗ ಎಸೆಯುವರು. ದಡದಲ್ಲಿ ನಿಂತ ಅಂಬಿಗ ಅದನ್ನು ಕಲ್ಲುಕಂಬಕ್ಕೆ ಬಿಗಿದು ದೋಣಿಯನ್ನು ನಿಲ್ಲಿಸುವನು. ಹಗ್ಗಗಳೆಲ್ಲ ಆ ಹೆಂಗಸಿನ ಕೈಯವು.

ಒಂದು ಮಳೆಗಾಲದ ಮೊದಲಲ್ಲಿ ಭತ್ತ ತುಂಬಿದ ದೋಣಿಯೊಂದು ಎಂದಿಗಿಂತ ರಭಸವಾಗಿ ಬಂತು. ಅಂಬಿಗ ಹಗ್ಗ ಹಿಡಿದು ಕಂಬಕ್ಕೆ ಗಂಟು ಹಾಕಿದ. ಹಗ್ಗ ತುಂಡಾಯಿತು. ದೋಣಿಯಲ್ಲಿದ್ದ ಮೂವರೂ ಉಳಿಯಲಿಲ್ಲ. ಅವರಲ್ಲಿ ಒಬ್ಬ ಆ ಹೆಂಗಸಿನ ಒಡಹುಟ್ಟಿದ ತಮ್ಮ.

ಊರವರು ಹಗ್ಗ ಕೆಟ್ಟದ್ದೆಂದರು. ನಾರು ಸರಿಯಾಗಿ ನೆನೆದಿರಲಿಲ್ಲ ಎಂದರು ಕೆಲವರು. ಒಡಹುಟ್ಟಿದವನನ್ನೇ ತಿಂದ ಕೈ ಎಂದು ಒಬ್ಬಳು ಬಾವಿಯ ಹತ್ತಿರ ಆಡಿಕೊಂಡಳು. ಅಂಬಿಗನೂ ಅದನ್ನೇ ನಂಬಿದ. ಅವಳ ಮನೆಯ ಮುಂದೆ ಹಾಯುವುದನ್ನು ಬಿಟ್ಟ. ಅವಳು ಯಾರಿಗೂ ಎದುರಾಡಲಿಲ್ಲ. ತನ್ನ ಕೈ ತಪ್ಪಿತೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಅದು ತಿಳಿಯದೆ ಇನ್ನೊಂದು ಹಗ್ಗ ಹೊಸೆಯಲಾರೆ ಎಂದುಕೊಂಡಳು.

ಕಂಬದಲ್ಲೇ ಉಳಿದಿದ್ದ ತುಂಡನ್ನು ಬಿಚ್ಚಿ ತಂದಳು. ಅದನ್ನು ಮರದ ಕೊಂಬೆಗೆ ಕಟ್ಟಿ ಕಲ್ಲುಗಳನ್ನು ತೂಗುಬಿಟ್ಟಳು. ಹತ್ತು ಮಣ ತಡೆಯಿತು. ಇಪ್ಪತ್ತು ಮಣ ತಡೆಯಿತು. ಮೂವತ್ತು ದಾಟಿದ ಮೇಲೆ ಹರಿಯಿತು. ಅವಳು ಹೊಸೆದ ಒಳ್ಳೆಯ ಹಗ್ಗಗಳೆಲ್ಲ ತಡೆಯುತ್ತಿದ್ದದ್ದು ಅಷ್ಟೇ. ಹಾಗಾದರೆ ದೋಣಿ ಅದನ್ನು ಎಷ್ಟು ಬಲವಾಗಿ ಎಳೆದಿರಬೇಕು?

ನೀರು ನಿಂತ ಒಂದು ಮಡುವಿಗೆ ಹೋದಳು. ಅಷ್ಟೇ ದೊಡ್ಡ ದೋಣಿಯಲ್ಲಿ ಅಷ್ಟೇ ಭಾರ ಹೇರಿಸಿದಳು. ಮಡುವಿನ ಅಂಚಿನಲ್ಲಿ ರಾಟೆ ನಿಲ್ಲಿಸಿ, ದೋಣಿಯ ಹಗ್ಗವನ್ನು ಅದರ ಮೇಲೆ ಹಾಯಿಸಿ, ಆಚೆಯ ಕಮರಿಗೆ ಹತ್ತು ಮಣದ ಕಲ್ಲು ಇಳಿಬಿಟ್ಟಳು. ಕಲ್ಲು ಇಳಿಯಿತು, ದೋಣಿ ಮೆಲ್ಲನೆ ಹೊರಟಿತು. ಅವಳು ಎಣಿಸುತ್ತ ಹೋದಳು. ಆ ದಿನ ದಡದಿಂದ ತಾನು ಕಂಡಿದ್ದ ದೋಣಿಯ ವೇಗ ಇದಕ್ಕೂ ಬಂದಾಗ ಎಣಿಕೆ ಆರಾಗಿತ್ತು.

ಅವಳು ಮರಳಿನ ಮೇಲೆ ಕುಳಿತು ಲೆಕ್ಕ ಹಾಕಿದಳು. ಹತ್ತು ಮಣದ ಎಳೆತ ಆರು ಎಣಿಕೆ ದುಡಿದು ದೋಣಿಗೆ ಈ ಓಟ ಕೊಟ್ಟಿತು. ಕೊಟ್ಟದ್ದನ್ನು ಪೂರ್ತಿ ತೆಗೆಯಬೇಕಾದರೂ ಅಷ್ಟೇ ದುಡಿಮೆ ಬೇಕು. ಹತ್ತಾರಲಿ ಅರವತ್ತು. ಓಡುವ ದೋಣಿ ನಿಲ್ಲಬೇಕಾದರೆ ಈ ಅರವತ್ತು ಎಲ್ಲಿಯೂ ತಪ್ಪದು. ನಿಲ್ಲಲು ಹಿಡಿದ ಎಣಿಕೆಯಿಂದ ಅದನ್ನು ಭಾಗಿಸಿದರೆ ಹಗ್ಗದ ಮೇಲೆ ಬಿದ್ದ ಸರಾಸರಿ ಎಳೆತ ಸಿಗುತ್ತದೆ. ಆರು ಎಣಿಕೆಯಲ್ಲಿ ನಿಂತರೆ ಹತ್ತು ಮಣ. ಎರಡರಲ್ಲಿ ನಿಂತರೆ ಮೂವತ್ತು. ಗಂಟು ಹಾಕಿದ ದೋಣಿಗೆ ನಿಲ್ಲಲು ಅರ್ಧ ಎಣಿಕೆಯೂ ಸಿಗುವುದಿಲ್ಲ. ಅರ್ಧವೆಂದೇ ಹಿಡಿದರೂ ನೂರಿಪ್ಪತ್ತು ಮಣ.

ತಮ್ಮನನ್ನು ಕೊಂದದ್ದು ಹಗ್ಗವಲ್ಲ, ಗಂಟು ಎಂದು ಅವಳಿಗೆ ತಿಳಿಯಿತು. ಗಂಟು ಹಾಕಿದವನಿಗೆ ಅದು ತಿಳಿದಿರಲಿಲ್ಲ.

ಅದೇ ಸಂಜೆ ಊರ ಹಿರಿಯರ ಮುಂದೆ ನಿಂತು ಅವಳು ಇದನ್ನು ಹೇಳಬಹುದಿತ್ತು. ಹಾಗೆ ಹೇಳಿ ತನ್ನ ಹೆಸರು ಉಳಿಸಿಕೊಳ್ಳುವ ಆಸೆ ಅವಳಿಗೆ ಇರಲಿಲ್ಲವೆಂದಲ್ಲ. ಆದರೆ ಹೊಳೆ ಏರುತ್ತಿತ್ತು, ದೋಣಿಗಳು ಬರುತ್ತಲೇ ಇದ್ದವು, ಅಂಬಿಗ ಕುಸಿದರೆ ಆ ಕಡವಿಗೆ ಬೇರೆಯವನಿರಲಿಲ್ಲ. ಅವಳು ಮನೆಗೆ ಹೋಗಿ ಹೊಸ ಹಗ್ಗಕ್ಕೆ ನಾರು ನೆನೆಹಾಕಿದಳು. ಮೊದಲಿನಷ್ಟೇ ದಪ್ಪ, ಉದ್ದ ಮಾತ್ರ ಇಪ್ಪತ್ತು ಮೊಳ ಹೆಚ್ಚು. ಮುಗಿದ ಹಗ್ಗವನ್ನು ದೋಣಿಯವರಿಗೆ ಕಳುಹಿಸಿ, ತಾನು ಕಡವಿಗೆ ಹೋಗಿ ಅಂಬಿಗನ ಪಕ್ಕ ನಿಂತಳು. ಅವನು ಮುಖ ತಿರುಗಿಸಿದ.

ಏಳು ಜನರನ್ನು ಹೊತ್ತ ದೋಣಿ ತಿರುವಿನಲ್ಲಿ ಕಾಣಿಸಿತು. ಹಗ್ಗ ಹಾರಿ ಬಂತು.

“ಗಂಟು ಹಾಕಬೇಡ, ತಮ್ಮಾ. ಕಂಬಕ್ಕೆ ಎರಡು ಸುತ್ತು ಹಾಕಿ ಬಿಗಿಯಾಗಿ ಹಿಡಿದೇ ಜಾರಲು ಬಿಡು. ನಾನು ಆರು ಎಣಿಸುತ್ತೇನೆ” ಎಂದಳು.

“ಜಾರಲು ಬಿಟ್ಟರೆ ದೋಣಿ ಹೋಗುತ್ತದೆ, ಅಕ್ಕಾ.”

“ಒಮ್ಮೆಗೇ ತಡೆದರೆ ಹಗ್ಗ ಹೋಗುತ್ತದೆ.”

ವಾದಕ್ಕೆ ಹೊತ್ತಿರಲಿಲ್ಲ. ಅವನು ಎರಡು ಸುತ್ತು ಹಾಕಿ ಹಿಡಿದ. ಅವಳು ಎಣಿಸಿದಳು. ಹಗ್ಗ ಕಂಬವನ್ನು ಉಜ್ಜುತ್ತ ಜಾರಿತು, ಅವನ ಅಂಗೈ ಸುಲಿಯಿತು. ಆರಕ್ಕೆ ದೋಣಿ ನಿಂತಿತು. ಏಳು ಜನರೂ ದಡಕ್ಕಿಳಿದರು. ಊರ ಹಿರಿಯನೊಬ್ಬ ಈ ಸಲದ ಹಗ್ಗ ಗಟ್ಟಿಯಾಗಿದೆ ಎಂದ. ಅವಳು ಹಗ್ಗವನ್ನು ಸುತ್ತಿಡತೊಡಗಿದಳು.

ಮಳೆಗಾಲ ಪೂರ್ತಿ ಅವಳು ಕಡವಿಗೆ ಹೋದಳು. ಮೊದಮೊದಲು ತಾನೇ ಎಣಿಸಿದಳು, ಆಮೇಲೆ ಅವನೇ ಎಣಿಸತೊಡಗಿದ. ಒಂದು ದೋಣಿಯೂ ತಪ್ಪಲಿಲ್ಲ. ಅಂಬಿಗ ತಾನಾಗಿಯೇ ಒಂದೊಂದು ಮಾತು ಕೇಳುತ್ತ ಬಂದ. ಬೇಗ ಹಿಡಿದರೆ ಏನಾಗುತ್ತದೆ ಎಂದು ಕೇಳಿದ ದಿನ ಅವಳು ಕಲ್ಲು ತೂಗಿದ್ದನ್ನು ಹೇಳಿದಳು. ಇನ್ನೊಂದು ದಿನ ಮಡುವಿನ ದೋಣಿಯ ವಿಷಯ ಹೇಳಿದಳು. ಹೊಳೆ ಇಳಿದ ಮೇಲೆ ಒಂದು ಮಧ್ಯಾಹ್ನ ಅರವತ್ತನ್ನು ಅರ್ಧದಿಂದ ಭಾಗಿಸಿ ತೋರಿಸಿದಳು.

ಅವನು ಕಂಬಕ್ಕೆ ಒರಗಿ ಕುಸಿದು ಕುಳಿತ. ಅವಳು ಎದ್ದು ಹೋಗಲಿಲ್ಲ. ಎರಡು ದಿನ ಅವನು ಉಣ್ಣಲಿಲ್ಲ. ಮೂರನೆಯ ದಿನ ತಾನೇ ಹಿರಿಯರ ಮುಂದೆ ನಿಂತು, ಹಗ್ಗ ಕೆಟ್ಟಿರಲಿಲ್ಲ, ತಾನು ಹಾಕಿದ ಗಂಟು ತಪ್ಪು ಎಂದು ಹೇಳಿದ. ಅಲ್ಲಿಂದ ನೇರವಾಗಿ ಕಡವಿಗೆ ಹೋದ. ಆ ಹೊತ್ತಿಗೆ ಒಂದು ದೋಣಿ ಬರುವುದಿತ್ತು.

ಗುರುಗಳು ಕತೆ ನಿಲ್ಲಿಸಿದರು.

“ಮೊದಲ ದಿನ ಹೇಳಿದ್ದರೂ ನಿಜ ಅದೇ ಅಲ್ಲವೇ? ಅವಳು ಅಷ್ಟು ಕಾಲ ಏಕೆ ತೆಗೆದುಕೊಂಡಳು?” ಎಂದು ಶಿಷ್ಯ ಕೇಳಿದ.

ಗುರುಗಳು ತಮ್ಮ ಚಾಪೆಯಲ್ಲಿ ಸರಿದು ಅವನಿಗೆ ಜಾಗ ಮಾಡಿದರು.

“ನಿನ್ನ ಊರಿನಿಂದ ಆಳು ಬಂದಿದ್ದಾನೆ, ನಿನ್ನ ತಾಯಿಗೆ ಮೈ ತೀರಾ ಕೆಟ್ಟಿತ್ತಂತೆ, ಬಾ ಮಗು, ಹತ್ತಿರ ಕುಳಿತುಕೋ.”

ಶಿಷ್ಯ ಹತ್ತಿರ ಬಂದು ಕುಳಿತ. ಗುರುಗಳು ಉಳಿದದ್ದನ್ನು ಮೆಲ್ಲಮೆಲ್ಲನೆ ಹೇಳಿದರು.