ಹಿಂದಿನ ಸೀಟಿನ ವಿಮೆ

ಬಾಗಿಲು ಮುಂದಕ್ಕೆಳೆದು ಹತ್ತಿರ ಬನ್ನಿ. ಈ ಮಾತು ನಮ್ಮ ಬೀದಿ ದಾಟಬಾರದು.

ವಿಮಾ ಕಚೇರಿಯ ಗುಮಾಸ್ತೆ ಪ್ರಭಾಮಣಿ, ಗಂಡ ಸತ್ತ ಒಂಟಿ ಹೆಂಗಸು. ಅವಳ ಪಕ್ಕದ ಮನೆಯ ಬೀಗ ರಿಪೇರಿ ಮಾದಪ್ಪನಿಗೆ ಒಂದು ಕಾಲು ಸೋತಿದೆ, ಓಡಾಟ ಮೂರು ಚಕ್ರದ ಬೈಕಿನಲ್ಲಿ. ಬೀದಿಯಲ್ಲಿ ಅವಳತ್ತ ತಲೆ ಎತ್ತಿದರೆ ನಮ್ಮಂಥವರ ಬಾಯಿ ಸುಮ್ಮನಿರುತ್ತಾ? ಅದಕ್ಕೇ ಬೈಕಿನ ವಿಮೆ ದರ ಕೇಳೋ ನೆಪದಲ್ಲಿ ಅವಳ ಕಚೇರಿಗೇ ಹೋಗೋನು.

"ಇನ್ನೊಂದು ಕಂಪನೀಲಿ ಕಮ್ಮಿಯಂತೆ, ಮತ್ತೊಮ್ಮೆ ಲೆಕ್ಕ ಹಾಕಿ ನೋಡಿ" ಅನ್ನೋನು. ಅವಳೂ ನಿಧಾನವಾಗಿ ಹಾಕೋಳು. ಅವನು ಬಾರದ ದಿನ ಬಾಗಿಲನ್ನೇ ನೋಡ್ತಾ ಕೂರೋಳು.

ಕೊನೆಗೆ ಮ್ಯಾನೇಜರು ಮೀಸೆ ತಿರುವಿದ. "ಏನಯ್ಯಾ, ಇದೇನು ಸಂತೇನಾ? ಇವತ್ತೇ ಮಾಡಿಸು. ಇಲ್ಲಾಂದ್ರೆ ಈ ಹೊಸ್ತಿಲು ತುಳೀಬೇಡ."

ಪ್ರಭಾಮಣಿಯ ಕೈಯಲ್ಲಿದ್ದ ಪೆನ್ನು ನಿಂತೇಹೋಯ್ತು.

"ಮಾಡಿಸ್ತೀನಿ ಸ್ವಾಮಿ," ಅಂದ ಮಾದಪ್ಪ. "ಆದ್ರೆ ಹಿಂದೆ ಕೂರೋರನ್ನೂ ಸೇರಿಸಿದ್ರೆ ದರ ಬೇರೆಯಂತಲ್ಲ. ಅವರು ಕೂರ್ತಾರೋ ಇಲ್ವೋ ತಿಳೀದೆ ಯಾವ ದರ ಕಟ್ಟಲಿ?"

"ಹಂಗಾದ್ರೆ ಅವರನ್ನೇ ಕೇಳಿ ಹೇಳು, ಈಗಲೇ," ಅಂತ ಗದರಿದ ಮ್ಯಾನೇಜರು.

ಮಾದಪ್ಪ ಊರುಗೋಲು ಊರಿಕೊಂಡು ಅವಳ ಮೇಜಿನ ಕಡೆ ತಿರುಗಿದ. ಮ್ಯಾನೇಜರ ಕೈ ಮೀಸೆ ಮೇಲೇ ಉಳೀತು.

"ಸಾಹೇಬ್ರ ಅಪ್ಪಣೆಯಾಗಿದೆ, ಪ್ರಭಾಮಣಿಯವ್ರೇ. ಸಂಜೆ ನೀವೊಬ್ರೇ ನಡ್ಕೊಂಡು ಹೋಗೋದನ್ನ ನೋಡಿ ನೋಡಿ ನನಗೆ ಸಾಕಾಗಿದೆ. ಹತ್ತಿ ಕೂರ್ತೀರಾ?"